ಡೆನ್ಜಿಲ್ ಮಾಡಿದ ಮೆಟ್ಟಿಲು

ನಮ್ಮ ಚರ್ಚಿನ ಪ್ರವಚನಪೀಠವನ್ನು ಎತ್ತರದ ಗಂಡಸರಿಗಾಗಿ ಕಟ್ಟಿದ್ದರು. ಆ ಹಳ್ಳಿಗೆ ಬಂದ ಮೊದಲ ಪಾದ್ರಿಯಮ್ಮ ನಾನು, ಕುಳ್ಳಿ ಬೇರೆ. ಮೊದಲ ಭಾನುವಾರ ಜನರಿಗೆ ಕಂಡದ್ದು ನನ್ನ ಹಣೆ ಮಾತ್ರ.

ಮುಂದಿನ ಭಾನುವಾರ ಅಲ್ಲೊಂದು ಓಕ್ ಮರದ ಮೆಟ್ಟಿಲಿತ್ತು. ನಿಲುವಂಗಿ ಸಿಕ್ಕಿಕೊಳ್ಳದಿರಲೆಂದು ಅಂಚನ್ನು ಉಜ್ಜಿ ನುಣುಪು ಮಾಡಿದ್ದರು. ಯಾರು ಇಟ್ಟರೆಂದು ಯಾರೂ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಬಡಗಿ ಡೆನ್ಜಿಲ್‌ನ ಹೆಬ್ಬೆರಳಿಗೆ ಮಾತ್ರ ಹೊಸ ಬ್ಯಾಂಡೇಜು ಇತ್ತು.

ಆಗ ಟಿವಿಯಲ್ಲಿ ಹಳ್ಳಿಯ ಪಾದ್ರಿಯಮ್ಮನೊಬ್ಬಳ ಹಾಸ್ಯ ಧಾರಾವಾಹಿ ಬರುತ್ತಿತ್ತು. ನಾನೂ ಹಾಗೇ ನಗಿಸಬೇಕೆಂದು ಊರಿನವರ ಆಸೆ. "ಏನು ಪಾದ್ರಿಯಮ್ಮ, ಇವತ್ತು ಜೋಕಿಲ್ವಾ?" ಎಂದು ಅಂಚೆಕಚೇರಿಯ ಮೊರ್ವೆನ್ನಾ ಕೇಳುತ್ತಿದ್ದಳು. ನಗಿಸುವುದು ಅಭ್ಯಾಸವಾಯಿತು. ಅಡಗಿಕೊಳ್ಳಲು ಒಳ್ಳೆಯ ಜಾಗವೂ ಆಯಿತು.

ಎರಡು ವರ್ಷ ಡೆನ್ಜಿಲ್ ಒಂದಲ್ಲ ಒಂದು ನೆಪ ಹಿಡಿದು ನನ್ನ ಮನೆಗೆ ಬಂದ. ಒಮ್ಮೆ ಕಿಟಕಿ, ಒಮ್ಮೆ ಬಾಗಿಲಿನ ಕೀಲು. ನಾನು ಟೀ ಮಾಡುತ್ತಿದ್ದೆ. ಅವನು ಕೇಸರಿ ಹಾಕಿದ ಬನ್ನನ್ನು ಮುರಿದು ದೊಡ್ಡ ತುಂಡನ್ನು ಮೆಲ್ಲಗೆ ನನ್ನ ತಟ್ಟೆಗೆ ಸರಿಸುತ್ತಿದ್ದ.

ಒಂದು ಮಧ್ಯಾಹ್ನ ಟೋಪಿ ತಿರುವುತ್ತಾ ಕೇಳಿದ: "ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಲ್ಲಿ ಗಂಡು-ಹೆಣ್ಣಿನ ಹೆಸರು ಓದಿ, ಯಾರದ್ದಾದ್ರೂ ಆಕ್ಷೇಪಣೆ ಇದ್ಯಾ ಅಂತ ಕೇಳ್ತೀರಲ್ಲ. ಪಾದ್ರಿಯಮ್ಮನೇ ಮದುವೆ ಆದ್ರೆ ಯಾರು ಓದ್ತಾರೆ?"

ಅವನು ಕೇಳುತ್ತಿರುವುದೇನೆಂದು ನನಗೆ ತಿಳಿಯಿತು. ಬಾಯಿಗೆ ಬಂದದ್ದು ಮಾತ್ರ ಜೋಕು.

"ನನ್ನ ಹೆಸರು ಓದಿದ್ರೆ ಆಕ್ಷೇಪಣೆ ಹೇಳೋರ ಕ್ಯೂ ಬೀದಿವರೆಗೂ ನಿಲ್ಲುತ್ತೆ ಡೆನ್ಜಿಲ್! ಮೂರು ಭಾನುವಾರ ಎಲ್ಲಿ ಸಾಕಾಗುತ್ತೆ?"

ಅವನು ನಕ್ಕ, ಸ್ವಲ್ಪ ತಡವಾಗಿ. "ಹಾಗಂತೀರಾ" ಎಂದ. ಟೀ ಅರ್ಧಕ್ಕೇ ಬಿಟ್ಟು ಹೊರಟ. ಆಮೇಲೆ ನನ್ನ ಮನೆಯ ಕೀಲುಗಳು ಕೆಡಲೇ ಇಲ್ಲ.

ಮರುವರ್ಷ ಅವನು ಮದುವೆಗೆ ಹೆಸರು ಕೊಡಲು ಮೊರ್ವೆನ್ನಾಳ ಜೊತೆ ಬಂದ. ಇಬ್ಬರ ಹೆಸರನ್ನೂ ಮೂರು ಭಾನುವಾರ, ಅದೇ ಮೆಟ್ಟಿಲ ಮೇಲೆ ನಿಂತು, ನಾನೇ ಓದಿದೆ.

ಮೂರನೆಯ ಸಲ, "ಈ ಮದುವೆಗೆ ಅಡ್ಡಿಯೇನಾದರೂ ಇದ್ದರೆ ತಿಳಿಸಬೇಕು" ಎಂದು ಓದಿ ಸುಮ್ಮನಾದೆ. ವಾಡಿಕೆಗಿಂತ ಹೆಚ್ಚು ಹೊತ್ತಾಯಿತೇನೋ. ಡೆನ್ಜಿಲ್ ತಲೆಯೆತ್ತಿ ನೋಡಿದ.

"ಜೋಕು ಮರೆತುಹೋಯ್ತಾ ಪಾದ್ರಿಯಮ್ಮ?" ಎಂದಳು ಮೊರ್ವೆನ್ನಾ. ಎಲ್ಲರೂ ನಕ್ಕರು. ನಾನೂ ನಕ್ಕು ಪುಟ ಮಗುಚಿದೆ.

ನಾನು ನಿವೃತ್ತಳಾದಾಗ ಬಂದ ಹೊಸ ಪಾದ್ರಿ ಎತ್ತರದವನು. ಡೆನ್ಜಿಲ್ ಮೆಟ್ಟಿಲನ್ನು ಹೊತ್ತು ತಂದು ನನ್ನ ಬಾಗಿಲಲ್ಲಿಟ್ಟ. ಅವನ ಕೂದಲೂ ಬೆಳ್ಳಗಾಗಿತ್ತು.

"ನಿಮ್ಮ ಅಳತೆಗೇ ಮಾಡಿದ್ದು. ಬೇರೆಯವರಿಗೆ ಆಗಲ್ಲ."

ಈ ಸಲ ನಾನು ಜೋಕು ಮಾಡಲಿಲ್ಲ.