ಎಂಟರಲ್ಲಿ ಒಂದು ಪಾಲು

"ಯಾರ್ರಿ ನೀವು? ಸಾಲ್ಯಾಗ ಮಕ್ಕಳಿಗೆ ಜೂಜು ಕಲಸಾಕ ಬಂದೀರೇನು?"

ಕುರುಗೋಡಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದ ಮೊದಲ ದಿನವೇ ಮೇಘಾ ಸಿಡಿದಿದ್ದಳು. ಒಂಬತ್ತನೇ ತರಗತಿಯವರೆಲ್ಲ ನೆಲದ ಮೇಲೆ ಕೂತು ಹುಣಸೆ ಬೀಜ ಎಸೆಯುತ್ತಿದ್ದರು. ನಡುವೆ ಕೂತಿದ್ದವನು ಎದ್ದು, ಪ್ಯಾಂಟಿನ ಧೂಳು ಕೊಡವಿ, ತಾನೂ ಗಣಿತದ ಮೇಷ್ಟ್ರೇ, ಹೆಸರು ಭೀಮರಾಜ ಎಂದ. ಅವಳ ಮುಖ ಸಣ್ಣದಾಯಿತು!

ಒಂದು ಬದಿ ಉಜ್ಜಿ ಬಿಳಿ ಮಾಡಿದ ಎರಡು ಬೀಜ ಹಿಡಿದು ಅವನು ಪಾಠ ಮುಂದುವರಿಸಿದ. ಒಂದು ಬಿಳಿ ಬಿದ್ದದ್ದು ಇನ್ನೊಂದಕ್ಕೆ ಗೊತ್ತೇ? ಇಲ್ಲ, ಅದರ ಪಾಡು ಅದಕ್ಕೆ. ಅದಕ್ಕೇ ಎರಡೂ ಬಿಳಿ ಬೀಳುವುದು ಅರ್ಧದಲ್ಲಿ ಅರ್ಧ, ಕಾಲು ಭಾಗ. ಸ್ವತಂತ್ರ ಘಟನೆಗಳ ಸಂಭವನೀಯತೆಯನ್ನು ಗುಣಿಸಬೇಕೆಂದು ಮೇಘಾ ಬಿ.ಎಡ್.ವರೆಗೂ ಬಾಯಿಪಾಠ ಮಾಡಿದ್ದಳು. ಯಾಕೆ ಎಂಬುದು ಕಂಡದ್ದು ಅವತ್ತೇ.

'ಹಿಂಗೂ ಕಲಸ್ತಾರಾ...'

ಆಮೇಲೆ ಬಿಡುವಿನ ಪೀರಿಯಡ್ ಬಂತೆಂದರೆ ಅವನ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಹಾಜರು. ಮೆಚ್ಚುಗೆ ಯಾವಾಗ ಪ್ರೀತಿಯಾಯಿತೋ ಅವಳಿಗೇ ತಿಳಿಯಲಿಲ್ಲ.

ಎರಡು ವರ್ಷಕ್ಕೆ ಅವಳಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಹೋಗಬೇಡಿ ಎಂದು ಅವನು ಒಂದು ಮಾತಾದರೂ ಆಡಲಿ ಎಂದು ಕಾದಳು. ಭೀಮರಾಜ ನೆಲ ನೋಡುತ್ತಾ, ಒಳ್ಳೆಯದಾಯಿತು ಬಿಡಿ, ನಿಮ್ಮೂರು ಕರೂರಿಗೆ ಹತ್ತಿರ ಎಂದುಬಿಟ್ಟ.

ಅವಳ ಕಣ್ಣು ತುಂಬಿತು. ಅವನ ಮನಸ್ಸಿನಲ್ಲಿ ತಾನಿಲ್ಲ ಎಂದೇ ತಿಳಿದಳು.

ಕೊನೆಯ ದಿನ, ಅಲ್ಲಿನ ಮಕ್ಕಳಿಗೂ ಹೀಗೇ ಕಲಿಸುತ್ತೇನೆಂದು ಅವನ ಪಾಠದ ನೋಟ್‌ಬುಕ್ ಕೇಳಿ ಪಡೆದಳು. ಕೊಟ್ಟವನಿಗೆ ಕೊನೆಯ ಹಾಳೆಯ ನೆನಪಿರಲಿಲ್ಲ. ಸ್ಟಾಫ್ ರೂಮಿನಲ್ಲಿ ತಿರುವಿ ಹಾಕಿದರೆ...

ಮೇಘಾ ಟೀಚರ್ ಒಪ್ಪುವುದು: ಅರ್ಧ.
ಅವರ ಅವ್ವ ಒಪ್ಪುವುದು: ಅರ್ಧ.
ನಮ್ಮ ಅಪ್ಪ ಒಪ್ಪುವುದು: ಅರ್ಧ.
ಗುಣಿಸಿದರೆ ಎಂಟರಲ್ಲಿ ಒಂದು ಪಾಲು. ಕೇಳದಿರುವುದೇ ಲೇಸು.

ಅವಳಿಗೆ ಅಳು, ನಗು ಒಟ್ಟಿಗೇ ಬಂದವು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ಜಾಣ ತನ್ನ ಲೆಕ್ಕದಲ್ಲೇ ಎಡವಿದ್ದ! ನೋಟ್‌ಬುಕ್ ಹಿಡಿದು ಸೀದಾ ಅವನ ಮುಂದೆ ನಿಂತಳು.

"ಲೆಕ್ಕ ತಪ್ಪೈತ್ರಿ ಸರ್."

ಹಾಳೆ ಕಂಡು ಅವನ ಮುಖ ಬಿಳಚಿಕೊಂಡಿತು. "ಎಲ್ಲಿ... ಎಲ್ಲಿ ತಪ್ಪೈತ್ರಿ?"

"ಇವು ಸ್ವತಂತ್ರ ಘಟನೆ ಅಲ್ಲ. ನಾ ಹೂಂ ಅಂದ್ರ ನಮ್ಮವ್ವ ಬ್ಯಾಡ ಅನ್ನಾಕಿ ಅಲ್ಲ. ಇಬ್ರೂ ಹೋಗಿ ಮುಂದ ಕುಂತ್ರ ನಿಮ್ಮಪ್ಪಾರರ ಎಷ್ಟು ದಿನ ಬ್ಯಾಡ ಅಂತಾರ? ಒಂದರ ಮ್ಯಾಲೊಂದು ನಿಂತಾವು ಇವು. ಹಂಗ ಗುಣಸಾಕ ಬರಂಗಿಲ್ರಿ."

ಅವನು ತಡವರಿಸಿದ. "ಹಂಗಾದ್ರ... ಮೊದಲನೇದು ಅರ್ಧ ಬರದೀನಲ್ಲ, ಅದು ಸರಿ ಐತೇನ್ರಿ?"

ಮೇಘಾ ಅವನ ಜೇಬಿನ ಪೆನ್ನು ತೆಗೆದು ಆ ಅರ್ಧವನ್ನು ಹೊಡೆದು ಹಾಕಿದಳು.

"ಅಲ್ಲಿ ಪೂರ್ತಿ ಒಂದು ಬರೀರಿ. ಎರಡು ವರ್ಷದಿಂದ ಅದು ಒಂದಾ ಐತಿ."