ರಾಣಿಯ ಸವೆದ ಕೆನ್ನೆ

"ಇದು ಆ ನಾಣ್ಯ ಅಲ್ಲ," ಎಂದರು ಹಲ್ಲಿನ ಡಾಕ್ಟರು.

ಹಳೆ ನಾಣ್ಯಗಳ ಅಂಗಡಿಗೆ ಅವರು, ಫೋಟೋ ನೋಡಿ ಒಪ್ಪಿದ್ದ ನಾಣ್ಯ ಕೊಳ್ಳಲು ಬಂದಿದ್ದರು. ಡಾಕ್ಟರ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಬೆಳ್ಳಿ ನಾಣ್ಯ. ಮೊಬೈಲಿನ ಫೋಟೋದಲ್ಲಿ ಕಿರೀಟ ತೊಟ್ಟ ರಾಣಿಯ ಕೆನ್ನೆ ಫಳಫಳ ಹೊಳೆಯುತ್ತಿತ್ತು. ಕೈಯಲ್ಲಿದ್ದ ರಾಣಿಗೆ ಕೆನ್ನೆಯೇ ಇರಲಿಲ್ಲ. ಸವೆದು ಸಪಾಟಾಗಿತ್ತು. ಕಿವಿಯ ಮೇಲಿನ ಕೂದಲಂತೂ ಬರೀ ಮುದ್ದೆ.

ಅಂಗಡಿಯ ಒಡತಿ ನಾಣ್ಯ ಇಸಿದುಕೊಂಡು ನೋಡಿದಳು. ಹಿಂದಿನ ಕುರ್ಚಿಯಿಂದ ಅವಳ ದೊಡ್ಡಪ್ಪ ಎದ್ದು ಬಂದರು. ಅಂಗಡಿ ಕಟ್ಟಿದವರು ಅವರು. ಬೇರೆ ಊರಿನವರು ಕಳಿಸುವ ಫೋಟೋ ನೋಡಿ, ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಎಂದು ಹೇಳುವವರೂ ಅವರೇ. ಈ ನಾಣ್ಯವನ್ನೂ ಫೋಟೋದಲ್ಲೇ ನೋಡಿ, 'ಸವೆತವೇ ಇಲ್ಲ' ಎಂದು ತರಿಸಿದ್ದರು. ಬಂದ ಡಬ್ಬಿಯನ್ನೂ ತಾವೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು.

"ಯಾರೋ ಬದಲಾಯಿಸಿದ್ದಾರೆ," ಎಂದರು ದೊಡ್ಡಪ್ಪ.

ಕಪಾಟಿನ ಬೀಗದ ಕೈ ಇದ್ದದ್ದು ಮೂವರ ಹತ್ತಿರ. ಒಡತಿ, ದೊಡ್ಡಪ್ಪ, ಮತ್ತೆ ಒಡತಿಯ ಗಂಡ. ಮೂರನೆಯವನ ಹೆಸರನ್ನು ಯಾರೂ ಎತ್ತಲಿಲ್ಲ. ಆದರೆ ಎಲ್ಲರ ಕಣ್ಣೂ ಅವನತ್ತ ತಿರುಗಿತು.

*

ದೂರು ಬಂದಾಗ ಇನ್‌ಸ್ಪೆಕ್ಟರಮ್ಮ ಬೂಟು ಕಳಚಿ, ಊದಿದ ಪಾದಗಳನ್ನು ತಣ್ಣನೆ ನೆಲಕ್ಕೆ ಊರಿಕೊಂಡು ಕೂತಿದ್ದಳು. ಬೆಳಗಿನಿಂದ ಎರಡು ಹೊಡೆದಾಟ, ಒಂದು ಅಪಘಾತ. ಈಗ ನಾಣ್ಯ. ನಿಟ್ಟುಸಿರು ಬಿಟ್ಟು ಮತ್ತೆ ಬೂಟು ಏರಿಸಿದಳು.

ಅಂಗಡಿಯಲ್ಲಿ ಡಾಕ್ಟರನ್ನು ಮೊದಲು ವಿಚಾರಿಸಿದಳು. ಒಡತಿಯ ಕಣ್ಣೆದುರೇ ಡಬ್ಬಿ ತೆರೆದಿದ್ದರು. ಕೈಚಳಕಕ್ಕೆ ಅವಕಾಶವೇ ಇರಲಿಲ್ಲ. ಆಮೇಲೆ ಗಂಡನ ಸರದಿ. ನಾಣ್ಯ ಕಪಾಟು ಸೇರಿದ ಮೇಲೆ ಅವನು ಅಂಗಡಿಯಲ್ಲಿ ಇರದಿದ್ದದ್ದು ಸೋಮವಾರ ಮಾತ್ರ.

"ಸೋಮವಾರ ಅಂಗಡಿ ಬಿಟ್ಟು ಎಲ್ಲಿಗೆ ಹೋಗಿದ್ರಿ?"

"ಪ್ರಿಂಟಿಂಗ್ ಪ್ರೆಸ್ಸಿಗೆ."

"ಪ್ರೆಸ್ಸಿಗೆ ಸೋಮವಾರ ರಜೆ."

ಅವನು ಮೇಜಿನ ಮೇಲಿದ್ದ ರಸೀತಿಗಳನ್ನು ಜೋಡಿಸತೊಡಗಿದ. ಹೆಂಡತಿಯ ಮುಖ ನೋಡಲೂ ಇಲ್ಲ. ಪೊಲೀಸರೆದುರು ಸುಳ್ಳು ಹೇಳಿ ಸಿಕ್ಕಿಬಿದ್ದವನನ್ನು ಹಾಗೇ ಬಿಡುವಂತಿರಲಿಲ್ಲ. ಆ ರಾತ್ರಿಯನ್ನು ಅವನು ಠಾಣೆಯ ಬೆಂಚಿನ ಮೇಲೆ ಕಳೆದ.

ಬೆಳಿಗ್ಗೆ ತಾನಾಗೇ ಬಾಯಿಬಿಟ್ಟ. "ಇಂಟರ್‌ವ್ಯೂಗೆ ಹೋಗಿದ್ದೆ ಮೇಡಂ. ಔಷಧಿ ಕಂಪನಿಯಲ್ಲಿ. ಅಂಗಡಿ ಸಾಕಾಗಿದೆ ನನಗೆ. ಅವಳಿಗೆ ಹೇಳೋಕೆ ಧೈರ್ಯ ಬರಲಿಲ್ಲ."

ಇನ್‌ಸ್ಪೆಕ್ಟರಮ್ಮ ಕಂಪನಿಗೆ ಫೋನು ಮಾಡಿದಳು. ಮಾತು ನಿಜ. ಆದರೂ ಅದರಿಂದ ಏನು ಬಂತು? ನಾಣ್ಯವನ್ನು ಬೇರೆ ದಿನವೂ ಬದಲಾಯಿಸಬಹುದಿತ್ತಲ್ಲ.

*

ಆಕೆ ನಾಣ್ಯವನ್ನು ಠಾಣೆಯ ಕಿಟಕಿಯ ಕಟ್ಟೆ ಮೇಲಿಟ್ಟಳು. ಪಕ್ಕದಲ್ಲಿ, ಮಾರಿದವರು ದೊಡ್ಡಪ್ಪನಿಗೆ ಕಳಿಸಿದ್ದ ಎರಡು ಫೋಟೋಗಳ ಪ್ರಿಂಟು. ಅಂಗಡಿಯವರು ಡಾಕ್ಟರಿಗೆ ತೋರಿಸಿದ್ದು ಅವುಗಳಲ್ಲಿ ಹೊಳೆಯುವ ಒಂದನ್ನು ಮಾತ್ರ.

ಮೊಬೈಲನ್ನು ನೆಟ್ಟಗೆ ಮೇಲೆ ಹಿಡಿದು, ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದಳು. ನೋಡಿದರೆ, ಸವೆದ ರಾಣಿಗೆ ಕೆನ್ನೆ ತುಂಬಿ ಬಂದಿತ್ತು! ಫ್ಲ್ಯಾಶ್ ಆರಿಸಿ, ಕಿಟಕಿಯ ಓರೆ ಬೆಳಕಿನಲ್ಲಿ ಇನ್ನೊಂದು ತೆಗೆದಳು. ಕೆನ್ನೆ ಮತ್ತೆ ಸಪಾಟು. ನಾಣ್ಯ ಅದೇ. ಬೆಳಕು ಬೇರೆ.

ಆಮೇಲೆ ಅಂಚು ನೋಡಿದಳು. ರಾಣಿಯ ಕುತ್ತಿಗೆಯ ಕೆಳಗೆ, ಇಲಿ ಹಲ್ಲು ಹಾಕಿದಂಥ ಸಣ್ಣ ಕಚ್ಚು. ಫೋಟೋದಲ್ಲೂ ಅಲ್ಲೇ, ಅದೇ ಆಕಾರ.

ಮಾರಿದವರ ಎರಡನೇ ಫೋಟೋ ಎತ್ತಿಕೊಂಡಳು. ಓರೆ ಬೆಳಕಿನದು. ಸವೆತವೆಲ್ಲ ಕಣ್ಣಿಗೆ ರಾಚುವ ಹಾಗಿತ್ತು. ಪಾಪ, ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ.

ಜೀವಮಾನವಿಡೀ ಕಣ್ಣನ್ನೇ ನೆಚ್ಚಿಕೊಂಡು ಬದುಕಿದ ದೊಡ್ಡಪ್ಪನಿಗೆ ಇದು ಕಾಣಲಿಲ್ಲವೇ? ಇನ್‌ಸ್ಪೆಕ್ಟರಮ್ಮ ಕೂತಲ್ಲೇ ಒಮ್ಮೆ ಕಣ್ಣು ಮುಚ್ಚಿದಳು. ಮುಂದೆ ಮಾಡಬೇಕಾದ ಕೆಲಸ ಆಕೆಗೆ ಬೇಡವಾಗಿತ್ತು.

*

ಮಧ್ಯಾಹ್ನ ಅಂಗಡಿಗೆ ಗಂಡನನ್ನೂ ಕರೆದುಕೊಂಡೇ ಹೋದಳು. ದೊಡ್ಡಪ್ಪನ ಕೈಗೆ ಎರಡು ಪ್ರಿಂಟು ಕೊಟ್ಟಳು.

"ಯಜಮಾನ್ರೇ, ಒಂದು ಮಾರಿದವರು ಕಳಿಸಿದ್ದು. ಇನ್ನೊಂದು ಈಗಿರೋ ನಾಣ್ಯದ್ದು. ವ್ಯತ್ಯಾಸ ಸ್ವಲ್ಪ ಹೇಳಿಕೊಡ್ತೀರಾ?"

ಅವರು ಎರಡನ್ನೂ ಬೆಳಕಿಗೆ ಹಿಡಿದರು. "ಇದು ನೋಡಿ ತಾಯಿ, ಕೂದಲು ಎಳೆ ಎಳೆಯಾಗಿ ಬಿಡಿಸಿಕೊಂಡಿದೆ. ಕೆನ್ನೆ ತುಂಬಿದೆ. ಇನ್ನೊಂದರಲ್ಲಿ ಎಲ್ಲಾ ಸವೆದುಹೋಗಿದೆ. ಸಣ್ಣ ಮಗುವೂ ಹೇಳುತ್ತೆ."

ಒಡತಿ ಬಗ್ಗಿ ನೋಡಿದಳು.

"ದೊಡ್ಡಪ್ಪಾ... ಎರಡೂ ಒಂದೇ ಫೋಟೋ."

ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಪೀಂ ಪೀಂ ಎನ್ನುತ್ತಿತ್ತು.

"ನಾಣ್ಯ ಬದಲಾಗಿಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ. "ಬಂದಾಗಲೇ ಸವೆದಿತ್ತು. ಮೇಲಿಂದ ಬಿದ್ದ ಬೆಳಕು ಸವೆತ ಮುಚ್ಚಿತ್ತು, ಅಷ್ಟೇ. ಅಂಚಿನ ಕಚ್ಚು ಫೋಟೋದಲ್ಲೂ ನಾಣ್ಯದಲ್ಲೂ ಒಂದೇ ಕಡೆ ಇದೆ. ಸವೆತ ಕಾಣೋ ಫೋಟೋನೂ ಇವರಿಗೆ ಬಂದಿತ್ತು." ದನಿ ತಗ್ಗಿಸಿದಳು. "ಯಾವಾಗಿನಿಂದ ಕಾಣ್ತಿಲ್ಲ ಯಜಮಾನ್ರೇ?"

ದೊಡ್ಡಪ್ಪ ಕುರ್ಚಿಗೆ ಕುಸಿದರು. "ಹೋದ ವರ್ಷದಿಂದ. ಅಂಚು ಕಾಣುತ್ತೆ, ನಡುವೆ ಕಾಣಲ್ಲ. ಎದುರಿಗೆ ಕೂತವರ ಕಿವಿ ಕಾಣುತ್ತೆ, ಮುಖ ಇರಲ್ಲ."

"ಬದಲಾಯಿಸಿದ್ದಾರೆ ಅಂದ್ರಲ್ಲ, ಹಾಗೆ ಅಂದ್ಕೊಂಡೇ ಅಂದ್ರಾ?"

"ಆಗ ಹಾಗೇ ಅಂದ್ಕೊಂಡಿದ್ದೆ."

"ಆಮೇಲೆ?"

"ನೀವು ಬರೋಕೆ ಮುಂಚೆ ನಾಣ್ಯ ಕೈಗೆ ತಗೊಂಡೆ. ಅಂಚಲ್ಲಿ ಕಚ್ಚು ಇದೆ ಅಂತ ಮಾರಿದವರು ಫೋನಲ್ಲಿ ಹೇಳಿದ್ರು. ಅದು ಉಗುರಿಗೆ ಸಿಕ್ತು."

"ಅಂದ್ರೆ ಅಳಿಯಂದ್ರನ್ನ ನಾವು ಕರ್ಕೊಂಡು ಹೋಗುವಾಗ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಕಣ್ಣು ಹೋಯ್ತು ಅಂದ್ರೆ ಈ ಅಂಗಡಿಯಲ್ಲಿ ನಾನು ಯಾರು ತಾಯಿ? ಮೂಲೆಯಲ್ಲಿ ಒಂದು ಕುರ್ಚಿ ಸವೆಸೋನು. ಬಾಯಿ ಬಿಡಬೇಕು ಅಂತ ಬಾಗಿಲವರೆಗೂ ಬಂದೆ. ಆಗಲಿಲ್ಲ."

ಒಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅಳುತ್ತಿದ್ದದ್ದು ದೊಡ್ಡಪ್ಪನಿಗಾಗಿಯೋ, ತಾನೂ ಗಂಡನನ್ನು ಅನುಮಾನಿಸಿದ್ದಕ್ಕೋ, ಹೇಳುವಂತಿರಲಿಲ್ಲ.

"ಒಬ್ಬ ನಿರಪರಾಧಿಯನ್ನ ರಾತ್ರಿಯಿಡೀ ಕೂರಿಸಿದ್ದೀರಿ. ನಾನೂ ಕೂರಿಸಿದ್ದೀನಿ," ಎಂದಳು ಇನ್‌ಸ್ಪೆಕ್ಟರಮ್ಮ. ಗಂಡನತ್ತ ತಿರುಗಿದಳು. "ಇವರ ಮೇಲೆ ದೂರು ಕೊಡ್ತೀರಾ?"

ಅವನು ಗಡ್ಡ ಕೆರೆದುಕೊಂಡ. ನಿದ್ದೆಯಿಲ್ಲದ ಕಣ್ಣುಗಳು ಕೆಂಪಗಿದ್ದವು.

"ಮಾವ, ಚಪ್ಪಲಿ ಹಾಕ್ಕೊಳ್ಳಿ."

"ಎಲ್ಲಿಗಪ್ಪಾ?" ಎಂದರು ದೊಡ್ಡಪ್ಪ.

"ಕಣ್ಣಾಸ್ಪತ್ರೆಗೆ. ಮುಚ್ಚೋದ್ರೊಳಗೆ ಹೋಗೋಣ. ಅಲ್ಲಿಂದ ಬಂದಮೇಲೆ ಕೆಲವು ದಿನ ನಾನು ನಿಮ್ಮ ಹತ್ರ ಮಾತಾಡಲ್ಲ. ಈಗಲೇ ಹೇಳಿಬಿಟ್ಟಿದ್ದೀನಿ."

ಇನ್‌ಸ್ಪೆಕ್ಟರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ರಸ್ತೆ ದಾಟುವಾಗ ಅಳಿಯ ಮುಖವನ್ನು ಆ ಕಡೆ ತಿರುಗಿಸಿಕೊಂಡೇ ಇದ್ದ. ಮಾವನ ಮೊಣಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದ.