ಝಿನಾರಜ್ಜಿಯ ಹೆಪ್ಪು

ಬಲು ಹಿಂದೆ, ಗಡಿ ಅಂದರೇನೆಂದು ನದಿಗಳಿಗೆ ಯಾರೂ ಹೇಳಿಕೊಡದಿದ್ದ ಕಾಲದಲ್ಲಿ, ಹಂಸಪಾಟಿ ಎಂಬ ರಾಜ್ಯವಿತ್ತು. ಮುದಿ ರಾಜ ಹಾಸಿಗೆ ಹಿಡಿದಿದ್ದ. ಇಬ್ಬರು ರಾಜಕುಮಾರರು ಸಿಂಹಾಸನಕ್ಕೆ ಕಚ್ಚಾಡುತ್ತಿದ್ದರು. ರಾಜ್ಯ ಕೆಟ್ಟಿದ್ದು ಯಾರಿಂದ ಎಂದು ಜನ ಕೇಳತೊಡಗಿದಾಗ, ಮಂತ್ರವಾದಿ ಕರ್ಕೋಟ "ಹೊರಗಿನವರಿಂದ" ಎಂದ. ಕುಮಾರರಿಬ್ಬರೂ ಮೊದಲ ಸಲ ಒಂದೇ ಮಾತಿಗೆ ತಲೆಯಾಡಿಸಿದರು.

ಕರ್ಕೋಟ ಕಬ್ಬಿಣದ ಮೂಗಿನ ಹುಲಿಯೊಂದನ್ನು ಮಾಡಿದ. ಪರದೇಶದ ವಾಸನೆ ಬಂದರೆ ಅದು ಗುರ್ರೆನ್ನುತ್ತಿತ್ತು. ಗುರ್ರೆಂದರೆ ಆ ಮನೆಯವರು ಸಂಜೆಯೊಳಗೆ ನದಿಯಾಚೆ.

ಸೂಮಾರಿ ಹುಟ್ಟಿದ್ದು ಹಂಸಪಾಟಿಯಲ್ಲೇ. ಅವಳ ಅಜ್ಜಿ ಝಿನಾರಾ ಮಾತ್ರ ನಲವತ್ತು ವರ್ಷದ ಹಿಂದೆ ದೋಣಿಯಲ್ಲಿ ಬಂದವಳು, ಈಗ ನಡೆಯಲಾರಳು. "ಒಂಚೂರು ಹೆಪ್ಪು ಕೊಡೇ" ಎಂದು ಮೊಸರು ಮುಗಿದಾಗಲೆಲ್ಲ ಬಟ್ಟಲು ಹಿಡಿದು ಬರುತ್ತಿದ್ದ ಪಕ್ಕದ ಮನೆಯ ನೀಲವ್ವ, ಹೊರಗಿನವರನ್ನು ಅಟ್ಟುವ ಡಂಗುರ ಸಾರಿದ ಮೇಲೆ ಬರಲಿಲ್ಲ.

"ಅಜ್ಜಿಯನ್ನು ಬಿಟ್ಟುಬಿಡಿ" ಎಂದು ಕರ್ಕೋಟನ ಬಳಿ ಹೋಗಿ ಬೇಡಿದಳು ಸೂಮಾರಿ.

"ಮೂರು ಪರೀಕ್ಷೆ ಗೆಲ್ಲು, ನೋಡೋಣ" ಎಂದ ಕರ್ಕೋಟ.

ಮೊದಲು ಈ ನಾಡಿನ ಜೋಗುಳ ಹಾಡು ಎಂದ. ಹಾಡಿದಳು, ಕಾವಲುಗಾರ ಆಕಳಿಸಿದ. "ಕಲಿತದ್ದು!" ಎಂದ ಕರ್ಕೋಟ. ಆಮೇಲೆ ನಾಡಿನ ಏಳು ಬೆಟ್ಟಗಳ ಹೆಸರು ಕೇಳಿದ. ಹೇಳಿದಳು. "ಬಾಯಿಪಾಠ!" ಎಂದ. ಮೂರನೆಯದಕ್ಕೆ ಅಜ್ಜಿಯ ಮೊಸರಿನ ಗಡಿಗೆ ತರಿಸಿ ಹುಲಿಯ ಮುಂದಿಟ್ಟ.

ಹುಲಿ ಮೂಸಿತು. ಗುರ್ರೆಂದಿತು.

"ದೋಣಿ ತನ್ನಿ!" ಎಂದು ಕೂಗಿದ ಕರ್ಕೋಟ.

ಆದರೆ ಹುಲಿ ಅಲ್ಲಿಗೇ ನಿಲ್ಲದೆ ಅದೇ ವಾಸನೆಯ ಜಾಡು ಹಿಡಿದು ಹೊರಟಿತು. ನೀಲವ್ವನ ಬಾಗಿಲಲ್ಲಿ ಗುರ್ರೆಂದಿತು. ಆಚೆ ಮನೆ, ಈಚೆ ಮನೆ, ಅರಮನೆಯ ಅಡುಗೆಮನೆ, ಕುಮಾರರ ತಟ್ಟೆ, ಎಲ್ಲೆಡೆ ಗುರ್ರೆಂದಿತು. ಕೊನೆಗೆ ಕರ್ಕೋಟನ ಮೀಸೆ ಮೂಸಿತು. ಆಗಷ್ಟೇ ಮೊಸರನ್ನ ಉಂಡು ಬಂದಿದ್ದ ಪುಣ್ಯಾತ್ಮ.

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ದನಗಳಿಗೆಲ್ಲ ರೋಗ ಬಂದ ವರ್ಷ ಊರಲ್ಲಿ ಹೆಪ್ಪೇ ಉಳಿದಿರಲಿಲ್ಲ ಕಣ್ರಪ್ಪಾ. ದೋಣಿ ಇಳಿದ ಈ ಹೆಣ್ಣಿನ ಕೈಲಿ ಒಂದು ಕರಟದಷ್ಟಿತ್ತು. ಅವಳು ನನಗೆ ಕೊಟ್ಟಳು, ನಾನು ಪಕ್ಕದವರಿಗೆ ಕೊಟ್ಟೆ. ಇಡೀ ರಾಜ್ಯ ಉಣ್ಣುತ್ತಿರೋದು ಅದನ್ನೇ. ಗೊತ್ತಿದ್ದೂ ಸುಮ್ಮನಿದ್ದೆ, ನನ್ನ ಬಾಯಿಗಿಷ್ಟು ಬೆಂಕಿ ಹಾಕ!"

ಎಲ್ಲರನ್ನೂ ನದಿಯಾಚೆ ಕಳಿಸುವಷ್ಟು ದೋಣಿಗಳಿರಲಿಲ್ಲ. ಎಲ್ಲೆಡೆ ಒಂದೇ ವಾಸನೆಯಾದ ಮೇಲೆ ಹುಲಿಯ ಕಬ್ಬಿಣದ ಮೂಗು ಠಣ್ಣೆಂದು ಕಳಚಿಬಿತ್ತು. ಅದು ಗಡಿಗೆ ನೆಕ್ಕುತ್ತ ಕುಳಿತಿತು. ಕರ್ಕೋಟನ ಮಾಯೆಯೆಲ್ಲ ಇಳಿದುಹೋಯಿತು. ಕುಮಾರರು ತಲೆ ತಗ್ಗಿಸಿ ಅಪ್ಪನ ಕಾಲೊತ್ತಲು ಹೋದರು.

ದೀಪ ಹಚ್ಚುವ ಹೊತ್ತಿಗೆ ಕರ್ಕೋಟ ಬರಿ ಬಟ್ಟಲು ಹಿಡಿದು ಅಜ್ಜಿಯ ಬಾಗಿಲಲ್ಲಿ ನಿಂತ.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು ಅಂತಾರೆ..." ಎಂದು ತಡವರಿಸಿದ.

"ಅದು ನಿಮ್ಮ ಪದ್ಧತಿ" ಎಂದಳು ಝಿನಾರಜ್ಜಿ. "ನಮ್ಮ ಕಡೆ ಹಾಗೇನಿಲ್ಲಪ್ಪ. ಬಟ್ಟಲು ಹಿಡಿ."

ಅಂದಿನಿಂದ ಹಂಸಪಾಟಿಯಲ್ಲಿ ಯಾವ ಹೊತ್ತಿಗೆ ಕೇಳಿದರೂ ಹೆಪ್ಪು ಸಿಗುತ್ತದೆ. ಹುಲಿಗೂ ಸಹ.